ನಮ್ಮ ಮನೆಯವರ ಸಂದರ್ಶನ

ನಮ್ಮ ಮನೆಯವರು ಸಿಕಂದರಾಬಾದಿನ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಟೀವರ್ಡ್ ಆಗಿದ್ದವರು. ಅದನ್ನು ಊಟ ಬಡಿಸುವ ಕೆಲಸ ಎಂದರೆ ಅವರಿಗೆ ಸಿಟ್ಟು, ಸರ್ವಿಸ್ ಎನ್ನಬೇಕು. ಮನೆಯಲ್ಲಿ ಮಾತ್ರ ತಾವಾಗಿ ಒಂದು ಲೋಟ ಎತ್ತಿಟ್ಟವರಲ್ಲ. ಕೇಳಿದರೆ, "ನನ್ನ ಡ್ಯೂಟಿ ಮುಗದೈತಿ" ಎನ್ನುತ್ತಿದ್ದರು.

ಲಾಕ್‌ಡೌನಿನಲ್ಲಿ ಹೋಟೆಲು ಬಾಗಿಲು ಹಾಕಿತು. ಮತ್ತೆ ತೆರೆದಾಗ ಹಳಬರನ್ನು ಕರೆದರು ನಿಜ, ಆದರೆ ಮದುವೆಯೋ ಕಂಪನಿಯ ಪಾರ್ಟಿಯೋ ಇದ್ದ ದಿನಕ್ಕಷ್ಟೇ. ಬೆಳಿಗ್ಗೆ ಫೋನಿಗೆ ಮೆಸೇಜು ಬಂದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇವರ ಜೊತೆಗಿದ್ದ ಬೀದರ್, ಕಲಬುರಗಿ ಕಡೆಯವರಲ್ಲಿ ಕೆಲವರು ಊರಿನಿಂದ ತಿರುಗಿ ಬರಲೇ ಇಲ್ಲ. ಕೆಲವರು ಬೈಕಿನ ಮೇಲೆ ಊಟ ತಲುಪಿಸಲು ಹೊರಟರು. ಇವರು ಮಾತ್ರ ದಿನಾ ಶೇವ್ ಮಾಡಿ, ಕಪ್ಪು ಪ್ಯಾಂಟು, ಬಿಳಿ ಅಂಗಿ ತೊಟ್ಟು, ನಮ್ಮ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತಿದ್ದರು.

"ನೋಡಾಕ ಗಂಡಿನ ಕಡೆಯವರು ಎಷ್ಟೊತ್ತಿಗೆ ಬರ್ತಾರರೀ?" ಎಂದು ನಾನು ಕಾಡಿಸುತ್ತಿದ್ದೆ.

ಮದುವೆಗಳೇ ಇಲ್ಲದ ಆಷಾಢದಲ್ಲೂ ಕಾಡಿಸಿದೆ. ನನ್ನ ಬಾಯಿಯೇ ಹಾಗೆ. ಐವತ್ತು ದಾಟಿದವರಿಗೆ ಮತ್ತೆ ಕಾಯಂ ಕೆಲಸ ಸಿಕ್ಕೀತೇ ಎಂಬ ಹೆದರಿಕೆ ನನಗೆ ಬಹಳ ಇತ್ತು. ಅದನ್ನು ಹೇಳಲಾಗದೆ ತಮಾಷೆ ಮಾಡುತ್ತಿದ್ದೆ.

ಐಟಿ ಕಂಪನಿಗಳ ಕಡೆ ಹೊಸ ಹೋಟೆಲುಗಳು ಏಳುತ್ತಲೇ ಇದ್ದವು. ಎಲ್ಲರದೂ ಒಂದೇ ರಾಗ, ಕೆಲಸಕ್ಕೆ ಜನ ಸಿಗುತ್ತಿಲ್ಲ ಅಂತ. ಸಿಗಲೆಂದೇ ಸಿಂಗರಿಸಿಕೊಂಡು ಕೂತವರೊಬ್ಬರು ನಮ್ಮ ಮನೆಯಲ್ಲಿದ್ದರು, ಅವರನ್ನು ಯಾರೂ ಕೇಳಲಿಲ್ಲ. ಕೊನೆಗೊಂದು ಹೋಟೆಲಿನವರು ಕಾಯಂ ಕೆಲಸಕ್ಕೆ ಸಂದರ್ಶನ ಇಟ್ಟರು. ಬೆಳಿಗ್ಗೆ ಹತ್ತಕ್ಕೆ ಹೋದವರು ಸಂಜೆ ಐದಕ್ಕೆ ಬಂದರು. ಮುಖದಲ್ಲಿ ಕಳೆ ಇತ್ತು.

"ಏನ್ ಕೇಳಿದ್ರರೀ?"

"ಚಹಾ ಕೇಳಿದ್ರು."

"ನೀವೇನಂದ್ರಿ?"

"ತಂದು ಕೊಟ್ಟೆ."

ಆದದ್ದು ಇಷ್ಟು. ಇವರ ಸರದಿ ಬಂದು ಒಳಗೆ ಹೋದಾಗ, ಸಂದರ್ಶನ ಮಾಡುವ ಮೇಡಂ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದರಂತೆ. ಅವರ ಮುಂದಿನ ಗ್ಲಾಸು ಖಾಲಿ. ಖಾಲಿ ಗ್ಲಾಸು ಕಂಡರೆ ಇವರಿಗೆ ಕೈ ನಿಲ್ಲುವುದಿಲ್ಲ. ಜಗ್ಗು ಎತ್ತಿ, ಬಲಗಡೆ ನಿಂತು ನೀರು ತುಂಬಿದರು. ಮೇಡಂ ತಲೆ ಎತ್ತದೆ, "ಮುಂದಿನವರನ್ನು ಕಳಿಸಿ" ಎಂದರು. ಮೇಜಿನ ಮುಂದೆ ಕೂತವರು ಏನು ಹೇಳಿದರೂ "ಜೀ" ಎಂದೇ ಇಪ್ಪತ್ತೆರಡು ವರ್ಷ ಕಳೆದವರು ಇವರು. ಹೊರಗೆ ಬಂದು ಮುಂದಿನವರನ್ನು ಕಳಿಸಿದರು. ಆಮೇಲೆ ಅವರ ಮುಂದಿನವರನ್ನು. ಸಂಜೆಯವರೆಗೆ ಎಲ್ಲರನ್ನೂ ಒಳಗೆ ಕಳಿಸಿ, ನಡುವೆ ಎರಡು ಸಲ ಚಹಾ ಕೊಟ್ಟು, ಕಪ್ಪು ಎತ್ತಿಟ್ಟು ಮನೆಗೆ ಬಂದಿದ್ದರು.

"ಸರ್ವಿಸ್ ಭಾಳ ಛಲೋ ಆತು" ಎಂದರು. ನಾನು ತಲೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಆ ಮೇಡಂ ಫೋನ್ ಮಾಡಿದರು. ಅರ್ಜಿಗಳಲ್ಲಿ ಒಂದರ ಮೇಲೆ ಅವರು ಅಂಕ ಬರೆದಿರಲಿಲ್ಲ, ಅದರ ಫೋಟೊ ನೋಡಿ ಚಹಾ ಕೊಟ್ಟವರು ಇವರೇ ಎಂದು ಗೊತ್ತಾಗಿತ್ತು. ಸಂದರ್ಶನಕ್ಕೆ ಬಂದದ್ದೆಂದು ಯಾಕೆ ಹೇಳಲಿಲ್ಲ ಎಂದು ಹಿಂದಿಯಲ್ಲಿ ಕೇಳಿದರು. ಇವರು ಫೋನಿಗೇ ಎದ್ದು ನಿಂತು, ತಾವು ಕೆಲಸದಲ್ಲಿದ್ದಿರಿ ಎಂದರು. ಮೇಡಂ ನಕ್ಕು, ಮಧ್ಯಾಹ್ನ ಮತ್ತೆ ಬನ್ನಿ, ಈ ಸಲ ಕೂತೇ ಮಾತಾಡಬೇಕು ಎಂದರು.

ಫೋನಿಟ್ಟ ಮೇಲೆ ಇವರ ಮುಖ ಬಾಡಿತು. "ಕುಂತು ಹೆಂಗ ಮಾತಾಡೋದು? ರೂಢಿ ಇಲ್ಲಲ್ಲ."

ರೂಢಿ ಮಾಡಿಸಲು ನಾನೇ ಮೇಡಂ ಆದೆ. ಇವರನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಕೂತು, ಕಾಲ ಮೇಲೆ ಕಾಲು ಹಾಕಿ, ಗತ್ತಿನಿಂದ ಕೇಳಿದೆ: "ನಿಮಗ ಈ ನೌಕರಿ ಯಾಕ ಬೇಕು?"

ಇವರು ನಗಲಿಲ್ಲ. ಮೊಣಕಾಲು ನೋಡುತ್ತಾ, "ಮನ್ಯಾಗ ಕುಂತು ಕುಂತು ನಿನ್ನ ಮುಂದ ಸಣ್ಣಾಂವ ಆಗೀನಿ" ಎಂದರು.

ನಾನು ಹಾಕಿದ್ದ ಕಾಲು ಇಳಿಸಿದೆ.

ಮಧ್ಯಾಹ್ನ ಮೇಡಂ ಆ ಪ್ರಶ್ನೆ ಕೇಳಲೇ ಇಲ್ಲವಂತೆ. ಸೋಮವಾರದಿಂದ ಬನ್ನಿ, ಕಾಯಂ ಎಂದರಂತೆ. ಆದರೆ ನಾನು ಕೇಳಿಬಿಟ್ಟಿದ್ದೆ.