ಬೇಡಪ್ಪ ಬೇಡ ಅನ್ನಲಾಗದ ಕಾರು

ನನ್ನ ಸೋದರಮಾವನಿಗೆ ಮನೆಯವರಿಟ್ಟ ಹೆಸರು ಒಂದು, ಊರಿಟ್ಟ ಹೆಸರು ಇನ್ನೊಂದು. ಉಳಿದದ್ದು ಊರಿಟ್ಟದ್ದೇ: ಬೇಡಪ್ಪ. ನಲವತ್ತು ವರ್ಷ ಕಾರುಗಳ ಟಿಂಕರಿಂಗ್ ಮಾಡಿ, ಅಂದರೆ ನುಜ್ಜುಗುಜ್ಜಾದ ತಗಡನ್ನು ತಟ್ಟಿ ನೆಟ್ಟಗೆ ಮಾಡಿ, ಈಗ ಅಂಗಡಿ ಮುಚ್ಚಿದ್ದಾರೆ. ಆದರೂ ಹಳೆ ಕಾರು ಕೊಳ್ಳುವವರು, ಷೆಡ್ಡಿನಲ್ಲಿ ಬಿದ್ದದ್ದನ್ನು ಎಬ್ಬಿಸಬೇಕೆನ್ನುವವರು ಮೊದಲು ಕರೆಯುವುದು ಇವರನ್ನೇ. ಮಾವ ಜೇಬಿನಿಂದ ಹಳೆ ಸ್ಪೀಕರಿನ ಅಯಸ್ಕಾಂತ ತೆಗೆದು ಕಾರಿನ ಮೈಮೇಲೆಲ್ಲ ಆಡಿಸುತ್ತಾರೆ. ತಗಡಿದ್ದಲ್ಲಿ ಅದು ಕಚ್ಚಿಕೊಳ್ಳುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಪಟ್ಟನೆ ಕೆಳಗೆ ಬೀಳುತ್ತದೆ. ಎರಡು ಸಲ ಬಿತ್ತೆಂದರೆ ಮಾವ "ಬೇಡಪ್ಪ" ಎಂದು ಕೈತೊಳೆಯಲು ನೀರು ಕೇಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಇದೇ ಕತೆ.

ಅವರ ಮಂಡಿಗಳು ಮುಷ್ಕರ ಹೂಡಿದ ಮೇಲೆ ಕಾರಿನಡಿ ನುಸುಳುವ ಕೆಲಸ ನನ್ನ ತಲೆಗೆ ಬಂತು. ನನಗೂ ನಲವತ್ತಾರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರು ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ಅಂಗಾತ ಮಲಗಿರುವುದನ್ನು ಕಂಡು ನಗದವರಿಲ್ಲ. ನಗಲಿ ಬಿಡಿ. ಮಾವ ಬೈಯುವುದನ್ನು ಕೇಳುವ ಸುಖಕ್ಕೆ ನಾನು ಎಲ್ಲಿಗೆ ಬೇಕಾದರೂ ನುಸುಳುತ್ತೇನೆ. ಹಿಂದೆ ರಿಪೇರಿ ಮಾಡಿದವನ ಜನ್ಮ ಜಾಲಾಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಮೂರು ವರ್ಷದ ಹಿಂದೆ ಒಬ್ಬ ನಿವೃತ್ತ ನರ್ಸಮ್ಮ ಕರೆಸಿದರು. ತೀರಿಹೋದ ಅಣ್ಣನ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಬಣ್ಣ ಕೆಂಪು. ಅಣ್ಣನಿಗೆ ಮಕ್ಕಳಾದ ಮೇಲೆ ಎರಡು ಸೀಟು ಯಾವ ಮೂಲೆಗೆ ಸಾಲುತ್ತದೆ? ಹಾಗೆ ಷೆಡ್ಡು ಸೇರಿದ್ದು ಮೂವತ್ತೈದು ವರ್ಷದಿಂದ ಹೊರಗೆ ಬಂದಿರಲಿಲ್ಲ. ಈಗ ಷೆಡ್ಡನ್ನು ಶನಿವಾರ ಕೆಡವಬೇಕಿತ್ತು. ಗುಜರಿಯವನಿಗೂ ಅಂದೇ ಬರಲು ಹೇಳಿಯಾಗಿತ್ತು.

"ಎದ್ದೇಳೋ ಹಾಗಿದ್ರೆ ಇಟ್ಕೋತೀನಿ. ಇಲ್ದಿದ್ರೆ ಅವನು ತಗೊಂಡು ಹೋಗ್ಲಿ. ನನ್ನ ಸಮಾಧಾನಕ್ಕೆ ಅಂತ ಏನೂ ಹೇಳ್ಬೇಡಿ," ಎಂದರು ನರ್ಸಮ್ಮ. ವಾರ್ಡಿನಲ್ಲಿ ಮೂವತ್ತೆಂಟು ವರ್ಷ ಇಂಜೆಕ್ಷನ್ ಚುಚ್ಚಿದವರ ದನಿ. ಆದರೆ ಕಾರಿನ ಮೇಲಿದ್ದ ಹಳೆ ಬೆಡ್‌ಶೀಟನ್ನು ಎಳೆಯುವಾಗ ಅವರ ಕೈ ಮೆತ್ತಗಾಯಿತು.

ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಆದರೆ ಅಯಸ್ಕಾಂತ ಬಾನೆಟ್ಟಿಗೆ ಕಚ್ಚಿತು, ಮಡ್‌ಗಾರ್ಡಿಗೆ ಕಚ್ಚಿತು, ಹಿಂದಿನ ಡಿಕ್ಕಿಗೂ ಕಚ್ಚಿತು. ಮಾವ ಸಣ್ಣಗೆ ಶಿಳ್ಳೆ ಹಾಕತೊಡಗಿದರು. "ಅಂಗಡಿ ಇಟ್ಟ ಹೊಸದ್ರಲ್ಲಿ ಇಂಥದ್ದೇ ಒಂದಕ್ಕೆ ನಾನೂ ಕೈ ಹಾಕಿದ್ದೆ ಕಣಮ್ಮ. ಅದು ಹಸಿರು," ಎಂದರು. ಮಾವ ಶಿಳ್ಳೆ ಹಾಕಿದ್ದು ನಾನು ಕೇಳಿದ್ದು ಅದೇ ಮೊದಲು. ನರ್ಸಮ್ಮನ ಮುಖವೂ ಅರಳಿತು.

ಡ್ರೈವರ್ ಪಕ್ಕದ ಸೀಟಿನ ಬಾಗಿಲ ಕೆಳಗೆ ಅಯಸ್ಕಾಂತ ಪಟ್ಟನೆ ಬಿತ್ತು. ಒಂದು ಗೇಣು ಆಚೆ ಇಟ್ಟರು. ಅಲ್ಲೂ ಬಿತ್ತು. ಬಾಗಿಲ ಕೆಳಗೆ ಉದ್ದಕ್ಕೂ ಹಾಯುವ ಆ ತಗಡಿನ ತೊಲೆಯೇ ಛಾವಣಿಯಿಲ್ಲದ ಕಾರಿಗೆ ಬೆನ್ನುಮೂಳೆ. ಅದು ಹೋದರೆ ಕಾರು ನಡು ಮುರಿದು ಎರಡಾಗುತ್ತದೆ.

"ಯಾವನಮ್ಮ ಇದನ್ನ ಮಾಡಿದ್ದು? ಕೊಲೆಗಡುಕ!" ಮಾವ ಶುರುಹಚ್ಚಿಕೊಂಡರು. "ಬೆನ್ನುಮೂಳೆಗೆ ಪುಟ್ಟಿ ತುಂಬೋದಾ? ಇವನ ಕೈಗೆ ಸುತ್ತಿಗೆ ಕೊಟ್ಟೋನನ್ನ ಮೊದಲು ಒದೀಬೇಕು! ಇವನು ಮನುಷ್ಯರಿಗೆ ರಿಪೇರಿ ಮಾಡಿದ್ನೋ, ಹೆಣಕ್ಕೋ?"

ನಾನು ಕೆಳಗೆ ಮಲಗಿ ನಗು ತಡೆದುಕೊಂಡು ಸ್ಕ್ರೂಡ್ರೈವರಿನಿಂದ ಕೆರೆಯುತ್ತಿದ್ದೆ. ಕೆಂಪು ಬಣ್ಣ ಹಕ್ಕಳೆಯಾಗಿ ಎದ್ದಿತು. ಅದರಡಿಯಲ್ಲಿ ಹಸಿರು ಇತ್ತು. ಬೈಗುಳ ಅರ್ಧಕ್ಕೇ ನಿಂತಿತು. ಇನ್ನಷ್ಟು ಕೆರೆದೆ. ಪುಟ್ಟಿಯ ಗಟ್ಟಿಯೊಂದಿಗೆ ಒಂದು ತಂತಿಬಲೆ ಕೈಗೆ ಬಂತು. ಹಿಟ್ಟು ಜರಡಿಯ ಬಲೆ, ಅಂಚಿನಲ್ಲಿ ತಾಮ್ರದ ತಂತಿಯ ಹೊಲಿಗೆ. ಮಾವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಗಾಳಿಗೆ ಬಾ," ಎಂದು ನನ್ನನ್ನು ಹೊರಗೆ ಕರೆದರು.

ಆ ಹೊಲಿಗೆ ಹಾಕಿದ್ದು ಅವರೇ. ಮದುವೆಯಾದ ವರ್ಷ ಅತ್ತೆಯ ಜರಡಿ ಹರಿದಾಗ ಹೊಲಿದುಕೊಟ್ಟಿದ್ದರು. ಅದು ಕಾಣೆಯಾದಾಗ ಅತ್ತೆ ಎದುರುಮನೆಯಾಕೆಯ ಮೇಲೆ ಅನುಮಾನಪಟ್ಟು ಮಾತು ಬಿಟ್ಟಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಜಗಳ. ಅಸಲು ಸಂಗತಿ ಈಗ ಹೊರಬಿತ್ತು. ಗಿರಾಕಿಗೆ ಮರುದಿನವೇ ಕಾರು ಬೇಕಿತ್ತು, ಅಂಗಡಿಯಲ್ಲಿ ವೆಲ್ಡಿಂಗ್ ಗ್ಯಾಸು ಮುಗಿದಿತ್ತು. ಒಂದು ವಾರದ ಮಟ್ಟಿಗೆ ಎಂದುಕೊಂಡು ತುಕ್ಕಿನ ತೂತಿಗೆ ಮನೆಯ ಜರಡಿ ತುರುಕಿ ಪುಟ್ಟಿ ಮೆತ್ತಿದ್ದರು. ವಾರ ಬಿಟ್ಟು ಬನ್ನಿ, ಸರಿಯಾಗಿ ಮಾಡಿಕೊಡ್ತೀನಿ ಎಂದು ಹೇಳಬೇಕಿತ್ತು. ಹೊಸ ಅಂಗಡಿ, ಮರ್ಯಾದೆ ಹೋದೀತೆಂದು ಹೇಳಲಿಲ್ಲ. ಆಮೇಲೆ ಮರೆತೇಹೋಯಿತು. ಆ ಹಸಿರು ಕಾರೇ ಮುಂದೆ ಕೆಂಪಾದದ್ದು ಅವರಿಗೆ ಗೊತ್ತಿರಲಿಲ್ಲ.

"ಬೇಡಪ್ಪ ಅಂದ್ಬಿಡಿ ಮಾವ. ಶನಿವಾರಕ್ಕೆ ಮುಗಿದುಹೋಗುತ್ತೆ," ಎಂದೆ. ಹೌದು, ನಾನೇ ಹಾಗೆಂದೆ. ಅವರ ಮರ್ಯಾದೆ ಉಳಿಯಲಿ ಎನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಬೇಡ ಅಂದ್ರೆ ನನ್ನ ಕಳ್ಳತನ ಮುಚ್ಚೋಕೆ ಅಂದ ಹಾಗೆ. ಮಾಡ್ಬಹುದು ಅಂದ್ರೆ ಪಾಪ ತೊಳ್ಕೊಳ್ಳೋಕೆ ಅಂದ ಹಾಗೆ. ನನ್ನ ಮಾತು ನನಗೇ ನಂಬಿಕೆ ಇಲ್ಲ ಕಣೇ," ಎಂದರು ಮಾವ. ಜರಡಿಯ ಬಲೆ ಹಿಡಿದುಕೊಂಡೇ ಒಳಗೆ ನಡೆದರು.

"ಅಮ್ಮಾ, ಆ ಕೊಲೆಗಡುಕ ನಾನೇ."

ಎಲ್ಲವನ್ನೂ ಹೇಳಿದರು, ಗ್ಯಾಸು ಮುಗಿದದ್ದು, ಜರಡಿ, ಮರ್ಯಾದೆ. ನರ್ಸಮ್ಮ ತಾಮ್ರದ ಹೊಲಿಗೆಯನ್ನು ಬೆರಳಿನಿಂದ ಸವರುತ್ತ ಕೇಳಿಸಿಕೊಂಡರು.

"ನರ್ಸಿಂಗ್ ಓದೋವಾಗ ನಾಲ್ಕು ವರ್ಷ ಅಣ್ಣ ದಿನಾ ನನ್ನನ್ನ ಬಿಟ್ಟು ಬರ್ತಿದ್ದ. ಈ ಕಡೆ ಸೀಟಲ್ಲೇ ಕೂರ್ತಿದ್ದೆ," ಎಂದರು. "ಸೇತುವೆ ಮೇಲೆ ಎಂಬತ್ತರ ಸ್ಪೀಡಲ್ಲಿ ಹೋಗ್ತಿದ್ದ. ನಾನೇ ಇನ್ನೂ ಜೋರು ಅಂತಿದ್ದೆ."

ಮಾವ ಪೇಂಟಿನ ಡಬ್ಬದ ಮೇಲೆ ಕೂತರು. ಅಯಸ್ಕಾಂತವನ್ನೂ ಸ್ಕ್ರೂಡ್ರೈವರನ್ನೂ ನರ್ಸಮ್ಮನತ್ತ ಚಾಚಿದರು. "ಇವತ್ತು ನನ್ನ ತೀರ್ಪು ಬೇಡಮ್ಮ. ನೀವೇ ನೋಡಿ. ಏನು ಕೇಳಿದ್ರೂ ಉತ್ತರ ಹೇಳ್ತೀನಿ, ಅಷ್ಟೇ."

ನರ್ಸಮ್ಮ ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟರು. ಒಂದು ಗಂಟೆ ಕಾರಿನ ಒಂದಂಗುಲವನ್ನೂ ಬಿಡಲಿಲ್ಲ. ಅಯಸ್ಕಾಂತ ಬಿದ್ದಲ್ಲೆಲ್ಲ "ಇದಕ್ಕೆ ಏನು ಮಾಡ್ಬೇಕು? ಎಷ್ಟು ದಿನ? ಮತ್ತೆ ಕೆಡುತ್ತಾ?" ಎಂದು ಮಾವನನ್ನು ಹಿಂಡಿಹಾಕಿದರು. ಇನ್ನೊಂದು ಕಡೆಯ ತೊಲೆ ಗಟ್ಟಿಯಾಗಿತ್ತು, ನೆಲದ ತಗಡೂ ಗಟ್ಟಿ. ಒಟ್ಟು ಮೂರು ಕಡೆ ತುಕ್ಕು ತಿಂದಿತ್ತು. ಕೊನೆಗೆ ಸೊಂಟ ಹಿಡಿದುಕೊಂಡು ಎದ್ದರು.

"ಇದಕ್ಕಿಂತ ಕೆಟ್ಟ ಸ್ಥಿತೀಲಿ ಬಂದೋರು ನನ್ನ ವಾರ್ಡಿಂದ ನಡ್ಕೊಂಡು ಮನೆಗೆ ಹೋಗಿದ್ದಾರೆ. ಮಾಡಿ. ಆದ್ರೆ ಮೊದಲ ದಿನ ಓಡಿಸೋದು ನಾನು. ನೀವು ಆ ಕಡೆ ಸೀಟಲ್ಲಿ ಕೂರ್ಬೇಕು."

ಹದಿನಾಲ್ಕು ತಿಂಗಳು ಹಿಡಿಯಿತು. ಮಾವನ ಮಂಡಿಗಳು ಮುಷ್ಕರ ಹಿಂತೆಗೆದುಕೊಂಡವು. ಆ ತೊಲೆಯನ್ನು ಎರಡು ಸಲ ಕಟ್ಟಿ, ಮನಸ್ಸಿಗೆ ಬಾರದೆ ಎರಡು ಸಲವೂ ಕತ್ತರಿಸಿ, ಮೂರನೆಯ ಸಲ ದಪ್ಪ ತಗಡಿನಲ್ಲಿ ಕಟ್ಟಿದರು. ಅತ್ತೆ ಮೂರು ದಿನ ಮಾವನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಎದುರುಮನೆಗೆ ಹೋಗಿ ತಪ್ಪಾಯಿತೆಂದರೆ, ಆಕೆಗೆ ಜಗಳ ಯಾತಕ್ಕೆಂಬುದೇ ನೆನಪಿರಲಿಲ್ಲ.

ಹೊರಡುವ ದಿನ ಮಾವ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಪರೀಕ್ಷೆಗೆ ಕೂತವರಂತೆ ಆ ಸೀಟಿನಲ್ಲಿ ಕೂತರು. ನರ್ಸಮ್ಮ ತಂಪು ಕನ್ನಡಕ ಏರಿಸಿ, ನನ್ನತ್ತ ಕೈಬೀಸಿ, ಧೂಳೆಬ್ಬಿಸಿ ಹೊರಟರು. ಅರ್ಧ ಗಂಟೆಗೆ ವಾಪಸು ಬಂದಾಗ ಮಾವನ ಕೂದಲೆಲ್ಲ ನೆಟ್ಟಗೆ ನಿಂತಿತ್ತು.

"ಹೇಗಿತ್ತು ಮಾವ?"

"ಸೇತುವೆ ಮೇಲೆ ಎಂಬತ್ತು ಮುಟ್ಟಿಸಿದ್ರು," ಎಂದರು ಮಾವ. ಕೂತಲ್ಲಿಂದಲೇ ಬಾಗಿಲ ಬುಡದ ಆ ತೊಲೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಇದ್ದರು. "ಆವಾಗ, ಆ ಜರಡಿ ಮೇಲೆ ಕೂತು ಹೋಗ್ತಿದ್ದಾಗ, ಆಯಮ್ಮಂಗೆ ಇಪ್ಪತ್ತು ವರ್ಷ ಕಣೇ. ಬರೀ ಇಪ್ಪತ್ತು."

ನಾನು ಬಾಗಿಲು ತೆಗೆದೆ. ಮಾವ ಇಳಿಯಲಿಲ್ಲ. ನರ್ಸಮ್ಮ ಮಾವನ ಆಚೆಗೆ ಕೈ ಚಾಚಿ, ನನ್ನ ಕೈಯಿಂದ ಬಾಗಿಲು ಬಿಡಿಸಿ ಮುಚ್ಚಿಕೊಂಡು, "ಇನ್ನೂ ಜೋರು ಹೋಗ್ಲಾ?" ಎಂದು ಅವರನ್ನು ಕೇಳಿದರು. ಮಾವ ಹೂಂ ಎಂದು ತಲೆಯಾಡಿಸಿದರು.