ಪಾರ್ವತವ್ವನ ಹೆಸರು ಮರೆತ ಆಸ್ಪತ್ರೆ

ಕಳೆದ ವಾರ ಒಬ್ಬ ಪೇಷಂಟ್ ನನ್ನ ತಲೆ ಸರಿಯಿಲ್ಲವೆಂದು ಡಾಕ್ಟರಿಗೆ ದೂರು ಕೊಟ್ಟರು. ಆ ದೂರನ್ನು ಇಂಗ್ಲಿಷಿಗೆ ಅನುವಾದಿಸಿ ಹೇಳಬೇಕಾದವಳೂ ನಾನೇ!

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಟ್ರಾವೆಲ್ ನರ್ಸ್. ಅಮೆರಿಕದ ಯಾವ ಊರಿನ ಆಸ್ಪತ್ರೆಯಲ್ಲಿ ನರ್ಸ್‌ಗಳು ಸಾಲುವುದಿಲ್ಲವೋ ಅಲ್ಲಿಗೆ ಮೂರು ತಿಂಗಳ ಮಟ್ಟಿಗೆ ಹೋಗುವುದು, ಮುಗಿದ ಮೇಲೆ ಗಂಟುಮೂಟೆ ಕಟ್ಟುವುದು. ಸಿಯಾಟಲ್‌ಗೆ ಬಂದು ಇನ್ನೂ ಸರಿಯಾಗಿ ಸೂಟ್‌ಕೇಸ್ ಬಿಚ್ಚಿರಲಿಲ್ಲ. ಅದಕ್ಕೆ ಮೊದಲು ಡೆನ್ವರ್. ಅದಕ್ಕೂ ಮೊದಲು ಫೀನಿಕ್ಸ್. ಬೆಳಿಗ್ಗೆ ಎದ್ದರೆ ಬಾತ್‌ರೂಮ್ ಎಡಕ್ಕೋ ಬಲಕ್ಕೋ ಎಂದು ಯೋಚಿಸಬೇಕಾಗುತ್ತದೆ.

ಇಲ್ಲಿ ನನ್ನನ್ನು ಹಾಕಿರುವುದು ನ್ಯೂರೋ ಐಸಿಯುವಿನಲ್ಲಿ. ತಲೆಗೆ ಪೆಟ್ಟಾದವರು, ಸ್ಟ್ರೋಕ್ ಆದವರು ಬರುವ ಜಾಗ. ಗಂಟೆಗೊಮ್ಮೆ ಪೇಷಂಟನ್ನು ಎಬ್ಬಿಸಿ ಅವೇ ಪ್ರಶ್ನೆಗಳನ್ನು ಕೇಳಬೇಕು. ನಿಮ್ಮ ಹೆಸರೇನು? ಇದು ಯಾವ ಊರು? ಈಗ ಯಾವ ವರ್ಷ? ಉತ್ತರ ಏರುಪೇರಾದರೆ ಒಳಗೆ ರಕ್ತ ಹೆಚ್ಚುತ್ತಿದೆಯೇನೋ ಎಂಬ ಭಯ. (ಒಂದಿಷ್ಟು ನಿದ್ದೆ ಮಾಡಲು ಬಿಡಿ ಎಂದು ಅತ್ತವರಿದ್ದಾರೆ. ನಾವು ಬಿಡುವುದಿಲ್ಲ.)

ಅಂದು ಬೆಳಿಗ್ಗೆ ನನ್ನ ಪಾಲಿಗೆ ಬಂದವರು ಪಾರ್ವತವ್ವ. (ಹೆಸರು ಬದಲಿಸಿದ್ದೇನೆ. ಅವರೂ ಬದಲಿಸಿದ್ದರು, ಅದನ್ನು ಆಮೇಲೆ ಹೇಳುತ್ತೇನೆ.) ಗದಗದವರು. ಸಿಯಾಟಲ್ ಪಕ್ಕದ ಸಮಾಮಿಶ್‌ನಲ್ಲಿರುವ ಮಗಳ ಬಾಣಂತನಕ್ಕೆ ಬಂದವರು. ಎರಡು ದಿನ ಬಿಸಿಲು ಕಂಡಿತೆಂದು ಮನೆ ಹಿಂದಿನ ಮರದ ಡೆಕ್ ಮೇಲೆ ಸಂಡಿಗೆ ಒಣಹಾಕಲು ಹೋಗಿ ಜಾರಿ ಬಿದ್ದಿದ್ದರು. ಸಿಯಾಟಲ್‌ನ ಬಿಸಿಲು ನಂಬಿ ಸಂಡಿಗೆ! ತಲೆಯೊಳಗೆ ಸಣ್ಣ ರಕ್ತಸ್ರಾವ. ಅಳಿಯ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ, ಬಾಣಂತಿ ಹೆಂಡತಿಗೆ ಊಟ ಕೊಡಲು ಮನೆಗೆ ಓಡಿದ್ದ.

ಡ್ಯೂಟಿ ಮುಗಿಸಿ ಹೊರಟಿದ್ದ ನರ್ಸ್ ನನಗೆ ಒಪ್ಪಿಸಿದ ವರದಿ ಚೆನ್ನಾಗಿರಲಿಲ್ಲ. "ತುಂಬಾ ಕನ್‌ಫ್ಯೂಸ್ಡ್. ಫೋನಿನಲ್ಲಿ ಇಂಟರ್‌ಪ್ರಿಟರ್ ಇಟ್ಟುಕೊಂಡೇ ಕೇಳಿದ್ವಿ. ಒಂದೊಂದು ಸಲ ಒಂದೊಂದು ಹೆಸರು ಹೇಳ್ತಾರೆ. ಊರೂ ಬದಲಾಗ್ತಿದೆ. ಡಾಕ್ಟರ್ ಮತ್ತೆ ಸ್ಕ್ಯಾನ್ ಮಾಡಿಸ್ತಿದ್ದಾರೆ. ಆಪರೇಷನ್ ಥಿಯೇಟರಿಗೂ ರೆಡಿ ಇರೋಕೆ ಹೇಳಿದ್ದಾರೆ."

ಅಂದರೆ ತಲೆಬುರುಡೆ ತೆರೆಯುವ ಮಾತು. ನಾನು ಒಳಗೋಡಿದೆ.

"ಅಮ್ಮಾ, ನಮಸ್ಕಾರ. ನಿಮ್ಮ ಹೆಸರೇನು?"

ಪಾರ್ವತವ್ವ ಕಣ್ಣರಳಿಸಿದರು. "ಅಯ್ಯ, ಕನ್ನಡದಾಕಿ! ನಿನಗೂ ಹಂಗ ಆಗೇತೇನು ತಂಗಿ?"

"ನನಗೆ ಏನಾಗಿದೆ?"

"ಮರವು! ನಿನ್ನೆಯಿಂದ ನೋಡಾಕತ್ತೀನಿ. ತಾಸಿಗೊಮ್ಮೆ ಬಂದು ಹೆಸರು ಕೇಳತಾರ. ಹೇಳತೀನಿ. ಮತ್ತ ತಾಸಿಗೆ ಅವರ ಬಂದು ಅದನ್ನ ಕೇಳತಾರ. ಇದು ಯಾವ ಊರು ಅಂತಾರ. ಇಲ್ಲೇ ನೌಕರಿ ಮಾಡವರಿಗೆ ಊರು ಗೊತ್ತಿಲ್ಲಂದ್ರ ಏನನಬೇಕು? ಪಾಪ, ಎಲ್ಲಾ ಸಣ್ಣ ಸಣ್ಣ ವಯಸ್ಸಿನವರು."

"ಮತ್ತೆ ನೀವ್ಯಾಕೆ ಬೇರೆ ಬೇರೆ ಹೆಸರು ಹೇಳಿದ್ರಿ?"

"ನೆನಪಿಟಗೋತಾರೇನು ನೋಡೂಣಂತ. ಒಮ್ಮೆ ನೀಲವ್ವ ಅಂದೆ, ಒಮ್ಮೆ ಬಸವ್ವ ಅಂದೆ. ಊರೂ ಹಂಗ ಬದಲಿಸಿದೆ. ಒಬ್ಬರರ 'ಆಗ ಬ್ಯಾರೆ ಹೇಳಿದ್ರಲ್ಲ' ಅಂದ್ರೇನು? ಸುಮ್ಮನ ಬರಕೊಂಡು ಹೋದ್ರು!"

ನಗು ಬಂತು. ಆದರೆ ನಗುವ ಹಾಗಿರಲಿಲ್ಲ. ರಕ್ತ ಹೆಚ್ಚುತ್ತಿದ್ದರೂ ಕೆಲವರು ಚೆನ್ನಾಗಿಯೇ ಮಾತಾಡುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಮಾತಾಡುವುದಿಲ್ಲ. ಹಾಗಾಗಿ ಮೊದಲಿನಿಂದ ಶುರು ಮಾಡಿದೆ. "ಅಮ್ಮಾ, ಈ ಸಲ ನಿಜ ಹೇಳಬೇಕು. ಇದು ಯಾವ ಊರು?"

"ಮೊದಲ ನೀ ಹೇಳು."

"ಡೆನ್ವರ್" ಎಂದೆ.

ನಾಲಿಗೆಗೆ ಮೂರು ತಿಂಗಳ ಅಭ್ಯಾಸ. ಏನು ಮಾಡಲಿ? ಸರಿಯಾಗಿ ಅದೇ ಹೊತ್ತಿಗೆ ಡಾಕ್ಟರ್ ಬಾಗಿಲಲ್ಲಿ ನಿಂತಿದ್ದರು.

ಪಾರ್ವತವ್ವ ನನ್ನ ಕೈ ಹಿಡಿದುಕೊಂಡರು. "ಡೆನ್ವರ್ ಅಲ್ಲ ತಂಗಿ. ಸಿಯಾಟಲ್. ಅಂಜಬ್ಯಾಡ."

"ಈಗ ಡೆನ್ವರ್ ಅಂದಿದ್ದು ಯಾರು?" ಎಂದರು ಡಾಕ್ಟರ್.

"ನಾನು."

"ಸಿಯಾಟಲ್ ಅಂದಿದ್ದು?"

"ಅವರು."

ಪಾರ್ವತವ್ವ ನನ್ನ ಕಡೆಗೆ ಬೆರಳು ತೋರಿಸಿ ಡಾಕ್ಟರಿಗೆ ಏನೋ ಹೇಳಿದರು. "ಏನಂತೆ?" ಎಂದು ಅವರು ನನ್ನನ್ನೇ ಕೇಳಿದರು. ನಿಯಮದ ಪ್ರಕಾರ ಪೇಷಂಟ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಬೇಕು. ಹೇಳಿದೆ. "ಈ ಹುಡುಗಿ ಒಳ್ಳೆಯವಳು, ಆದ್ರೆ ಇವಳ ತಲೆ ಸರಿಯಿಲ್ಲ, ಮೊದಲು ಇವಳನ್ನು ನೋಡಿ ಅಂತಿದ್ದಾರೆ." ಡಾಕ್ಟರ್ ಕೈ ಜೇಬಿನ ಟಾರ್ಚ್ ಕಡೆಗೆ ಹೋಯಿತು. ಯಾರ ಕಣ್ಣಿಗೆ ಬಿಡಲಿದ್ದರೋ ದೇವರಿಗೇ ಗೊತ್ತು.

ಆಮೇಲೆ ಪಾರ್ವತವ್ವ ಪರೀಕ್ಷೆಗೆ ಒಪ್ಪಿದರು. ಹೆಸರು ಸರಿ. ಎರಡೂ ಕೈ ಎತ್ತಿದರು. ಯಾವ ವರ್ಷ ಎಂದರೆ "ಹೇವಿಳಂಬಿ" ಎಂದರು. ನಾನು ಫೋನ್ ತೆಗೆದು ಪಂಚಾಂಗ ಹುಡುಕಬೇಕಾಯಿತು. ಅದೂ ಸರಿ! ಆದರೂ ಸ್ಕ್ಯಾನ್ ತಪ್ಪಲಿಲ್ಲ. ಚಿತ್ರಗಳು ಪರದೆಯ ಮೇಲೆ ಬರುವವರೆಗೂ ನನಗೆ ಒಂದೇ ಯೋಚನೆ. ನನ್ನ ಭಾಷೆಯವರೆಂಬ ಸಲಿಗೆಯಲ್ಲಿ ನಾನೇ ಏನಾದರೂ ಕಾಣದೆ ಹೋದೆನೇ? ಇಲ್ಲ. ರಕ್ತ ಇದ್ದಷ್ಟೇ ಇತ್ತು, ಒಂದಿಷ್ಟೂ ಹೆಚ್ಚಿರಲಿಲ್ಲ. ಥಿಯೇಟರಿಗೆ ಬೇಡವೆಂದು ಫೋನ್ ಹೋಯಿತು. ನಾನು ಸ್ಟೋರ್ ರೂಮಿಗೆ ಹೋಗಿ ಒಂದು ನಿಮಿಷ ಗೋಡೆಗೊರಗಿ ನಿಂತೆ.

ಇಷ್ಟೆಲ್ಲ ಯಾಕಾಯಿತು? ಪ್ರಶ್ನೆಗಳೆಲ್ಲ ಕನ್ನಡಕ್ಕೆ ಅನುವಾದವಾಗಿದ್ದವು. ಯಾಕೆ ಕೇಳುತ್ತಿದ್ದೇವೆ ಎನ್ನುವುದನ್ನು ಮಾತ್ರ ಇಂಗ್ಲಿಷಿನಲ್ಲೂ ಯಾರೂ ಹೇಳಿರಲಿಲ್ಲ. ಕಸ್ಟಮರ್ ಕೇರ್‌ನವರು, ನಾವು ಫೋನಿನಲ್ಲಿ ಒತ್ತಿದ ನಂಬರನ್ನೇ ಮತ್ತೆ ಬಾಯಿಬಿಟ್ಟು ಹೇಳಿ ಎಂದಾಗ ನಮಗೂ ಹೀಗೇ ಅನ್ನಿಸುವುದಿಲ್ಲವೇ? ನಾನು ಕಾರಣ ತಿಳಿಸಿದಾಗ ಪಾರ್ವತವ್ವ ಒಂದೇ ಮಾತು ಹೇಳಿದರು. "ಮೊದಲ ಹೇಳಬಾರದೇನು? ನಾ ಸುಮ್ಮನ ಆ ಹುಡುಗ್ರ ಚಿಂತಿ ಮಾಡಿದೆ."

ಸಂಜೆ ಡಾಕ್ಟರ್ ಮತ್ತೆ ರೌಂಡ್ಸ್‌ಗೆ ಬಂದರು. "ಅವರಿಗೆ ನಮ್ಮನ್ನು ಏನಾದ್ರೂ ಕೇಳೋದಿದೆಯಾ, ವಿಚಾರಿಸಿ" ಎಂದು ನನಗೆ ಹೇಳಿದರು.

ಪಾರ್ವತವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವಂಗ ಲಗ್ನ ಆಗೇತೇನು?"

ಮಿದುಳು ಪೂರ್ತಿ ಸರಿಯಿದೆ ಎನ್ನಲು ಇನ್ನು ಯಾವ ಸ್ಕ್ಯಾನ್ ಬೇಕಿತ್ತು, ನೀವೇ ಹೇಳಿ?