ನೊಣಪ್ಪನ ಮೆತ್ತನೆ ಕೈ

ಕೆಲಸವಿಲ್ಲದೆ ಕೂತವನನ್ನು ಜನ ನೊಣ ಹೊಡೆಯುತ್ತಿದ್ದಾನೆ ಎನ್ನುತ್ತಾರೆ. ಅಂಥದ್ದರಲ್ಲಿ ನೊಣ ಸಾಕುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ ಮನೆಯಲ್ಲಿದ್ದರೆ ಅವನ ಅಕ್ಕ ಸುಮ್ಮನೆ ಬಿಟ್ಟಾಳೆಯೇ? ಅವನು ಸಂಶೋಧನಾಲಯಕ್ಕೆ ಸೇರಿದ ಮೊದಲ ವಾರವೇ ಅವಳು ಅವನಿಗೆ ನೊಣಪ್ಪ ಎಂದು ಹೆಸರಿಟ್ಟಳು. ಹೆಂಡತಿ ಕೇಳಿ ನಕ್ಕಳು, ಮಗಳು ಅದನ್ನು ಬೀದಿಗೆ ಒಯ್ದಳು, ಬೀದಿಯಿಂದ ಅದು ಅವನಿಗಿಂತ ಮುಂಚೆ ಸಂಶೋಧನಾಲಯದ ಗೇಟು ತಲುಪಿತು. ಈಗ ಯಾರಾದರೂ ಅವನ ನಿಜವಾದ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವನೇ ಹಿಂದೆ ತಿರುಗಿ ನೋಡುತ್ತಾನೆ.

ಅವನು ಸಾಕುವುದು ಊಟದ ಮೇಲೆ ಕೂರುವ ಕೊಳಕು ನೊಣಗಳನ್ನಲ್ಲ. ಈ ಮಾತನ್ನು ಅವನು ಕಂಡವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದಾನೆ. ಮಾಗಿದ ಬಾಳೆಹಣ್ಣಿನ ಸುತ್ತ ಸುಳಿಯುತ್ತವಲ್ಲ, ಎಳ್ಳುಕಾಳಿನಷ್ಟು ಮೈಯ, ಕೆಂಪು ಕಣ್ಣಿನ ಹಣ್ಣುನೊಣಗಳು, ಅವು. ಗಾಜಿನ ನಳಿಕೆಗಳಲ್ಲೇ ಹುಟ್ಟಿ, ಅಲ್ಲೇ ಸಂಸಾರ ಮಾಡಿ, ಅಲ್ಲೇ ಮುದಿಯಾಗಿ ಸಾಯುತ್ತವೆ. ಬೆಳಿಗ್ಗೆ ಬಂದವನೇ ನೊಣಪ್ಪ ದೊಡ್ಡ ಪಾತ್ರೆಯಲ್ಲಿ ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಗಂಜಿ ಕಾಯಿಸುತ್ತಾನೆ. ನಳಿಕೆಗಳ ತಳಕ್ಕೆ ಅದನ್ನು ಹುಯ್ದು, ಆರಿ ಗಟ್ಟಿಯಾದ ಮೇಲೆ ನೊಣಗಳನ್ನು ಒಳಗೆ ಬಿಟ್ಟು ಹತ್ತಿಯ ಬಿರಡೆ ಇಡುತ್ತಾನೆ. ಮನೆಯಲ್ಲಿ ಒಂದು ಲೋಟ ನೀರು ಕಾಯಿಸಿಕೊಳ್ಳದ ಗಂಡಸು ನೊಣಗಳಿಗೆ ದಿನಾ ಅಡುಗೆ ಮಾಡಿ ಬಡಿಸುತ್ತಾನೆ ಎಂದು ಹೆಂಡತಿ ಆಡಿಕೊಳ್ಳುವುದರಲ್ಲಿ ಸುಳ್ಳೇನೂ ಇಲ್ಲ.

ಇನ್ನೊಂದು ಕೆಲಸವೂ ಅವನದೇ. ಹೊಸದಾಗಿ ಗೂಡಿನಿಂದ ಹೊರಬಂದ ಹೆಣ್ಣುಗಳನ್ನು ಗಂಡುಗಳ ಸಹವಾಸಕ್ಕೆ ಬೀಳುವ ಮೊದಲೇ ಸಣ್ಣ ಕುಂಚದಿಂದ ಬೇರ್ಪಡಿಸಬೇಕು, ಇಲ್ಲದಿದ್ದರೆ ಯಾವ ಮರಿ ಯಾರದೆಂದು ತಿಳಿಯುವುದಿಲ್ಲ. ಇದರಲ್ಲಿ ಅವನನ್ನು ಮೀರಿಸುವವರಿಲ್ಲ. ಸ್ವಂತ ಮಗಳು ಯಾರನ್ನು ಮೆಚ್ಚಿಕೊಂಡಿದ್ದಾಳೆ ಎಂಬುದು ಮಾತ್ರ ಹುಡುಗ ಮನೆಗೆ ಬಂದು ಕುರ್ಚಿಯಲ್ಲಿ ಕೂರುವ ತನಕ ಅವನಿಗೆ ಗೊತ್ತಾಗಲಿಲ್ಲ. ಇರಲಿ, ಆ ಮದುವೆ ಚೆನ್ನಾಗಿಯೇ ಆಯಿತು.

ಅವನ ಕೋಣೆಯ ನೊಣಗಳಿಗೆ ಇರುವುದು ಮನುಷ್ಯರ ಪಾರ್ಕಿನ್ಸನ್ ಕಾಯಿಲೆ. ನಮ್ಮೆಲ್ಲರ ಮಿದುಳಿನಲ್ಲೂ ಇರುವ ಒಂದು ಪ್ರೋಟೀನು ಕೆಲವರಲ್ಲಿ ಮಡಿಕೆ ತಪ್ಪಿ, ಒಂದಕ್ಕೊಂದು ಅಂಟಿಕೊಂಡು ಗಂಟುಗಟ್ಟುತ್ತದೆ. ಕೈಕಾಲು ಸಲೀಸಾಗಿ ಆಡುವುದಕ್ಕೆ ಬೇಕಾದ ರಸವನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಗಂಟೇ ಅವನ್ನು ಕೊಲ್ಲುತ್ತದೋ, ಗಂಟಾಗುವ ಮುಂಚಿನ ಸಣ್ಣ ಉಂಡೆಗಳು ಕೊಲ್ಲುತ್ತವೋ ಎನ್ನುವುದು ಮೇಡಂ, ಅಂದರೆ ಆ ಕೋಣೆಯ ವಿಜ್ಞಾನಿ, ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುವ ಪ್ರಶ್ನೆ. ಆ ಪ್ರೋಟೀನು ನೊಣದ ಮಿದುಳಿನಲ್ಲೂ ಹುಟ್ಟುವಂತೆ ಅವರು ಮಾಡಿದ್ದಾರೆ. ಪಕ್ಕದ ಕೋಣೆಯಲ್ಲಿರುವುದು ಆಲ್ಝೈಮರ್ ನೊಣಗಳು. ಅಲ್ಲಿಯ ವಿಜ್ಞಾನಿ ನೊಣಗಳಿಗೆ ಒಂದು ವಾಸನೆಯ ಪಾಠ ಕಲಿಸಿ, ಅವು ಅದನ್ನು ಯಾವಾಗ ಮರೆಯುತ್ತವೆಂದು ಕಾಯುತ್ತಾ ಕೂರುತ್ತಾನೆ, ಸಂಜೆ ಹೊರಡುವಾಗ ತನ್ನ ಕೊಡೆಯನ್ನು ಅಲ್ಲೇ ಮರೆತು ಹೋಗುತ್ತಾನೆ. ನೊಣಪ್ಪ ಅವನನ್ನು ಮರೆವಿನ ಮೇಷ್ಟ್ರು ಎನ್ನುತ್ತಾನೆ.

ಇನ್ನು ಅಕ್ಕ. ಶಾಲೆಯೊಂದರಲ್ಲಿ ಆಟದ ಟೀಚರಾಗಿದ್ದವಳು. ಮದುವೆಯ ಗೊಡವೆಗೆ ಹೋಗಲಿಲ್ಲ. ತಾನೇ ನಿಂತು ತಮ್ಮನನ್ನು ಓದಿಸಿದಳು, ಮೈದಾನದಲ್ಲಿ ಓಡಿಸಿದಳು, ಬೈದಳು, ಸಾಕಿದಳು. ಅವನು ಅದೇ ಶಾಲೆಯಲ್ಲಿದ್ದಾಗ ಒಮ್ಮೆ ಓಟದ ಪಂದ್ಯದಲ್ಲಿ ವಿಸಿಲ್ ಊದುವ ಮೊದಲೇ ಹೆಜ್ಜೆ ಇಟ್ಟಿದ್ದಕ್ಕೆ ಇಡೀ ಶಾಲೆಯೆದುರು ಅವನನ್ನು ಗೆರೆಯಿಂದ ಆಚೆ ಕಳಿಸಿದ್ದಳು. ಅವನು ಸಿಟ್ಟು ಮಾಡಿಕೊಂಡು ರಾತ್ರಿ ಊಟ ಬಿಟ್ಟ; ಅವಳು ಅವನ ಪಾಲನ್ನೂ ತಾನೇ ತಿಂದು ಮಲಗಿದಳು.

ನಿವೃತ್ತಿಯಾದ ಮೇಲೆ ಅವಳ ಬಲಗೈ ಬೆರಳುಗಳು ಸುಮ್ಮಸುಮ್ಮನೆ ನಡುಗತೊಡಗಿದವು. ಆಮೇಲೆ ಹೆಜ್ಜೆ ಗಿಡ್ಡವಾಯಿತು. ಡಾಕ್ಟರು ಹೆಸರು ಹೇಳಿದಾಗ ನೊಣಪ್ಪ ಇನ್ನೊಮ್ಮೆ ಹೇಳಿ ಎಂದ: ಅವನು ದಿನಾ ಗಂಜಿ ಕಾಯಿಸಿ ಹಾಕುವ ನೊಣಗಳ ಕಾಯಿಲೆಯೇ ಅಕ್ಕನಿಗೂ. ಅವಳು ಮಾತ್ರ, ನಿನ್ನ ನೊಣಗಳಿಂದಲೇ ತಂದು ಹತ್ತಿಸಿದೆ ನನಗೆ ಎಂದು ದಾರಿಯುದ್ದಕ್ಕೂ ಅವನ ಕಾಲೆಳೆದಳು. ಇದು ಅಂಟುವ ಕಾಯಿಲೆಯಲ್ಲ ಎಂದು ಅವನು ಗಂಭೀರವಾಗಿ ವಿವರಿಸುತ್ತಾ ಬಂದ. ತಮಾಷೆ ತಿಳಿಯದ ತಮ್ಮಂದಿರನ್ನು ದೇವರು ಅಕ್ಕಂದಿರ ಹೊಟ್ಟೆ ಉರಿಸಲೆಂದೇ ಸೃಷ್ಟಿಸಿರಬೇಕು. ಈಗ ಅಡುಗೆಮನೆಯ ಹೊಸ್ತಿಲ ಬಳಿ ಬಂದರೆ ಅವಳ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಆಗ ಅವಳು ತನಗೆ ತಾನೇ ಎಡ, ಬಲ, ಎಡ, ಬಲ ಎಂದು ಜೋರಾಗಿ ಹುಕುಂ ಕೊಟ್ಟುಕೊಂಡು ದಾಟುತ್ತಾಳೆ. ಒಳಗಿರುವ ನೊಣಪ್ಪನ ಹೆಂಡತಿ ಎದ್ದು ನಿಂತು ಸಲಾಮು ಹೊಡೆಯುತ್ತಾಳೆ. ಅತ್ತಿಗೆ ನಾದಿನಿಯರ ಈ ಕವಾಯತು ದಿನವೂ ಇದ್ದದ್ದೇ.

ಅಕ್ಕನ ಕಾಲು ಹೀಗೆ ನಿಲ್ಲತೊಡಗಿದ ವರ್ಷವೇ ಮೇಡಂ ಹೊಸ ಔಷಧಿಯೊಂದನ್ನು ಹಿಡಿದುಕೊಂಡು ಬಂದರು. ಪ್ರೋಟೀನು ಗಂಟುಗಟ್ಟುವುದನ್ನು ಅದು ತಡೆಯಬಹುದು ಎನ್ನುವುದು ಅವರ ಲೆಕ್ಕ. ಪರೀಕ್ಷೆ ಹೀಗೆ: ಕಾಯಿಲೆಯ ನೊಣಗಳಲ್ಲಿ ಅರ್ಧಕ್ಕೆ ಔಷಧಿ ಬೆರೆಸಿದ ಗಂಜಿ, ಉಳಿದರ್ಧಕ್ಕೆ ಬರೀ ಗಂಜಿ. ಅವು ಮುದಿಯಾದ ಮೇಲೆ ನಳಿಕೆಯನ್ನು ದಪ್ಪ ಬಟ್ಟೆಯ ಮೇಲೆ ತಟ್ಟಬೇಕು. ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಬಿದ್ದ ನೊಣ ಮೇಲಕ್ಕೇ ಹತ್ತುವುದು ಅದರ ಹುಟ್ಟುಗುಣ. ಗಾಜಿನ ಮೇಲೆ ಎಳೆದ ಗೆರೆಯನ್ನು ಸ್ವಲ್ಪ ಹೊತ್ತಿನಲ್ಲಿ ಎಷ್ಟು ದಾಟುತ್ತವೆ ಎಂದು ನೋಡುವುದು. ತಟ್ಟುವವನಿಗೆ ಯಾವ ನಳಿಕೆಯಲ್ಲಿ ಔಷಧಿ ಇದೆಯೆಂದು ತಿಳಿದಿರಬಾರದು ಎಂಬ ನಿಯಮವೂ ಇದೆ. ಆದರೆ ಗಂಜಿ ಕಾಯಿಸಿದವನು ನೊಣಪ್ಪ, ಔಷಧಿ ಬೆರೆಸಿದವನು ನೊಣಪ್ಪ, ಔಷಧಿಯ ನಳಿಕೆಗಳಿಗೆ ಹಸಿರು ಚೀಟಿ ಅಂಟಿಸಿದವನೂ ನೊಣಪ್ಪ. ಅವನ ಕೈಯ ಮೇಲೆ ಮೇಡಂಗೆ ಅಷ್ಟು ನಂಬಿಕೆ. ಅವನೇ ತಟ್ಟಲಿ ಎಂದರು.

ಹಸಿರು ಚೀಟಿಯ ನೊಣಗಳು ಸರಸರನೆ ಹತ್ತಿದವು. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ನೊಣಪ್ಪ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಗೆದ್ದೆವು ಎಂದ, ಇನ್ನು ಸ್ವಲ್ಪ ವರ್ಷ ತಡೆದುಕೋ, ಔಷಧಿ ಬಂದೇ ಬಿಡುತ್ತದೆ ಎಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಎಂದು ಅಕ್ಕ ಗದರಿದಳು. ಆದರೆ ಅವನು ಆ ಸಂಜೆಯೆಲ್ಲ ನೆಲದ ಮೇಲೆ ಕಾಲಿಡಲಿಲ್ಲ. ಆಮೇಲೂ ಪ್ರತಿ ಸಲ ತಟ್ಟಿದಾಗಲೂ ಅದೇ ಫಲಿತಾಂಶ. ಮೇಡಂ ಪ್ರಬಂಧ ಬರೆಯಲು ಕುಳಿತರು.

ಅದನ್ನು ಕಳಿಸುವ ಹೊತ್ತಿಗೆ ಒಂದು ರಜಾದಿನ ಅಕ್ಕ, ಅದೇನು ತಟ್ಟುವುದೋ ನನಗೂ ತೋರಿಸು ಎಂದಳು. ನೊಣಪ್ಪನಿಗೆ ಅಷ್ಟೇ ಸಾಕಾಗಿತ್ತು. ಟವೆಲ್ಲು ಮಡಚಿ ಮೇಜಿನ ಮೇಲೆ ಹಾಸಿದ. ಎರಡು ಖಾಲಿ ಸೀಸೆಗಳಿಗೆ ಸಾಸಿವೆ ಹಾಕಿಕೊಂಡು ಬಂದ. ಬಲಗಡೆಯದು ಔಷಧಿಯದು, ಎಡಗಡೆಯದು ಬರೀ ಗಂಜಿಯದು ಎಂದು ಪಾಠ ಹೇಳಿ, ಒಂದೊಂದಾಗಿ ತಟ್ಟಿ ತೋರಿಸಿದ. ಅಕ್ಕ ಇನ್ನೊಮ್ಮೆ ಎಂದಳು. ತಟ್ಟಿದ. ಎರಡನ್ನೂ ಒಂದೇ ಥರ ತಟ್ಟುತ್ತೀಯಾ ಎಂದು ಕೇಳಿದಳು. ಇದೆಂಥ ಪ್ರಶ್ನೆ ಎಂಬಂತೆ ಅವನು ನಕ್ಕ.

"ಈಗ ಎಡಗಡೇದು ಔಷಧಿ ಅಂದ್ಕೋ. ತಟ್ಟು."

ತಟ್ಟಿದ. ಈ ಸಲ ಅವನಿಗೂ ಕೇಳಿಸಿತು. ಔಷಧಿಯದು ಎಂದುಕೊಂಡ ಸೀಸೆ ಟವೆಲ್ಲಿನ ಮೇಲೆ ಮಲಗಿಸಿದ ಮಗುವಿನ ಹಾಗೆ ಮೆತ್ತಗೆ ಇಳಿಯಿತು. ಇನ್ನೊಂದು ಧಪ್ಪೆಂದು ಬಿತ್ತು. ಸಾಸಿವೆ ಕೂಡ ಒಂದರಲ್ಲಿ ಸುಮ್ಮನಿತ್ತು, ಇನ್ನೊಂದರಲ್ಲಿ ಕತ್ತಿನ ತನಕ ಹಾರಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಹೋದಳು. ಮೆತ್ತಗೆ ತಟ್ಟಿದರೆ ನೊಣಕ್ಕೆ ಪೆಟ್ಟು ಕಡಿಮೆ, ಬೇಗ ಎದ್ದು ಹತ್ತುತ್ತದೆ. ಇದನ್ನು ನೊಣಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಮೊದಲು ವಾದಿಸಿದ. ಇದು ಬರೀ ಸಾಸಿವೆ, ಅಲ್ಲಿ ತಾನು ಹಾಗೆ ಮಾಡುವುದಿಲ್ಲ ಎಂದ. ಸುಸ್ತಾಗಿತ್ತು ಎಂದ. ಟವೆಲ್ಲು ಸರಿಯಾಗಿ ಮಡಚಿರಲಿಲ್ಲ ಎಂದ, ಪಾಪದ ಟವೆಲ್ಲಿನ ಮೇಲೂ ತಪ್ಪು ಹೊರಿಸಿದ. ಮೋಸ ಮಾಡಬೇಕೆಂದು ಅವನೇನೂ ಮಾಡಿದ್ದಲ್ಲ. ಆ ಹಸಿರು ಚೀಟಿ ಕಂಡಾಗಲೆಲ್ಲ ಅವನ ಕಣ್ಣಿಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟ ಅಕ್ಕ ಕಾಣುತ್ತಿದ್ದಳು, ಕೈ ತಾನಾಗಿಯೇ ಮೆತ್ತಗಾಗುತ್ತಿತ್ತು. ಅಕ್ಕ ಅವನು ಮುಗಿಸುವ ತನಕ ಕಾದಳು.

"ಹೇಳೋದು ಬಿಡೋದು ನಿನ್ನಿಷ್ಟ. ಆದ್ರೆ ನಿನ್ನ ದಾಕ್ಷಿಣ್ಯಕ್ಕೆ ನನ್ನ ಕಾಲು ನಡೆಯಲ್ಲ ಕಣೋ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನೊಣಪ್ಪ ಎರಡು ದಿನ ಓಡಾಡಿದ. ಬಾಯಿ ಬಿಟ್ಟರೆ ಮೇಡಂ ಅವರ ವರ್ಷಗಳ ದುಡಿಮೆ ನೀರು ಪಾಲು. ಸುಮ್ಮನಿದ್ದರೆ ಅಕ್ಕನ ಆಸೆಯಾದರೂ ಉಳಿಯುತ್ತಿತ್ತಲ್ಲ ಎಂದುಕೊಂಡರೆ, ಅದನ್ನು ಮುರಿದವಳು ಅವಳೇ. ಮೂರನೆಯ ದಿನ ಗಂಜಿ ತಳ ಹಿಡಿಯಿತು. ಇಷ್ಟು ವರ್ಷಗಳಲ್ಲಿ ಅವನ ಕೈಯಲ್ಲಿ ಗಂಜಿ ಸೀದದ್ದು ಅದೇ ಮೊದಲು. ವಾಸನೆಗೆ ಮೇಡಂ ಓಡಿ ಬಂದರು. ಸೌಟು ಹಿಡಿದುಕೊಂಡೇ ಅವನು ಎಲ್ಲವನ್ನೂ ಹೇಳಿಬಿಟ್ಟ.

ಮೇಡಂ ಒಲೆ ಆರಿಸಿದರು, ಪಾತ್ರೆ ಕೆಳಗಿಳಿಸಿದರು. ಬೈಗುಳಕ್ಕಾಗಿ ನೊಣಪ್ಪ ತಲೆ ಬಗ್ಗಿಸಿ ನಿಂತಿದ್ದ.

"ಚೀಟಿ ಮುಚ್ಚಬೇಕಿತ್ತು ಅಂತ ನಂಗೆ ಗೊತ್ತಿರಲಿಲ್ವೇನ್ರೀ? ಫಲಿತಾಂಶ ಚೆನ್ನಾಗಿ ಬರ್ತಿತ್ತು, ಕೇಳೋಕೆ ಮನಸ್ಸು ಬರಲಿಲ್ಲ" ಎಂದರು. ಆಮೇಲೆ ಹೋಗಿ ಪ್ರಬಂಧವನ್ನು ತಡೆಹಿಡಿದರು.

ಎಲ್ಲವನ್ನೂ ಹೊಸದಾಗಿ ಶುರು ಮಾಡಿದರು. ಹೊಸ ನೊಣಗಳು ಹುಟ್ಟಿ, ಬೆಳೆದು, ಮುದಿಯಾಗಬೇಕು; ಮುದಿತನವನ್ನು ಯಾರೂ ಅವಸರಪಡಿಸಲಾರರು. ಈ ಸಲ ಮೇಡಂ ತಾವೇ ಔಷಧಿ ಬೆರೆಸಿ, ಚೀಟಿಗಳನ್ನು ಕಾಗದದಿಂದ ಮುಚ್ಚಿದರು. ತಟ್ಟಲು ಬಂದದ್ದು ಮರೆವಿನ ಮೇಷ್ಟ್ರು. ಯಾವುದು ಯಾವುದೆಂದು ಹೇಳಿದ್ದರೂ ಅವನು ಮರೆತಿರುತ್ತಿದ್ದ ಎನ್ನುವುದು ಬೇರೆ ಮಾತು. ನೊಣಪ್ಪನನ್ನು ಬಾಗಿಲಾಚೆ ಕಳಿಸಿದರು. ಹೆರಿಗೆ ಕೋಣೆಯ ಹೊರಗಿನ ಗಂಡನ ಹಾಗೆ ಅವನು ಆ ಉದ್ದನೆಯ ಹಜಾರದಲ್ಲಿ ಅಡ್ಡಾಡಿದ. ಒಳಗಿನಿಂದ ತಟ್ಟುವ ಸದ್ದು ಬರುತ್ತಿತ್ತು, ಎಲ್ಲವೂ ಒಂದೇ ಥರ. ಅಷ್ಟು ಜೋರಾಗಿ ತಟ್ಟಬೇಕೇ ಎಂದು ಅವನ ಜೀವ ಚುರುಕ್ಕೆನ್ನುತ್ತಿತ್ತು.

ಕಾಗದ ಬಿಚ್ಚಿ ನೋಡಿದರು. ಔಷಧಿ ತಿಂದ ನೊಣಗಳೂ ತಿನ್ನದ ನೊಣಗಳೂ ಒಂದೇ ಸಮನಾಗಿ ಬಿದ್ದಿದ್ದವು, ಒಂದೇ ಸಮನಾಗಿ ಹತ್ತಲಾರದೆ ಜಾರಿದ್ದವು. ಏನೇನೂ ವ್ಯತ್ಯಾಸವಿರಲಿಲ್ಲ. ಗಂಟುಗಳನ್ನು ತಡೆದ ಮಾತ್ರಕ್ಕೆ ಕೋಶ ಉಳಿಯುವುದಿಲ್ಲವೇನೋ, ಅದಕ್ಕೂ ಮುಂಚೆ ಏನೋ ನಡೆಯುತ್ತಿದೆ, ಅದನ್ನು ಹುಡುಕಬೇಕು ಎಂದು ಮೇಡಂ ಹಲಗೆಯ ಮೇಲೆ ಆಗಲೇ ಬರೆಯತೊಡಗಿದ್ದರು. ವಿಜ್ಞಾನಿಗಳ ಎದೆ ಯಾವುದರಿಂದ ಮಾಡಿದ್ದೋ! ನೊಣಪ್ಪನಿಗೆ ಮಾತ್ರ ಅಳು ಬಂತು.

ಮನೆಗೆ ಬರುವ ದಾರಿಯಲ್ಲಿ ಅವನು ಹೇಗೆ ಹೇಳಬೇಕೆಂದು ಹತ್ತು ಥರ ಮಾತು ಜೋಡಿಸಿಕೊಂಡ. ಸ್ವಲ್ಪ ಗುಣ ಕಂಡಿತು ಎನ್ನಲೇ, ಇನ್ನೂ ನೋಡುತ್ತಿದ್ದಾರೆ ಎನ್ನಲೇ ಎಂದೆಲ್ಲ ಯೋಚಿಸಿದ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮುಖ ಕಂಡದ್ದೇ ಜೋಡಿಸಿದ ಮಾತೆಲ್ಲ ಹಾರಿಹೋಯಿತು.

"ಎರಡೂ ಒಂದೇ ಅಕ್ಕ. ಕೆಲಸ ಮಾಡ್ಲಿಲ್ಲ."

ನಾನು ಹೇಳಿರಲಿಲ್ಲವೇ ಎನ್ನುತ್ತಾಳೆಂದು ಅವನು ಕಾದ. ಅವಳು ಅನ್ನಲಿಲ್ಲ. ಈ ಕಾಯಿಲೆಯಲ್ಲಿ ಮುಖ ಬಿಗಿದುಕೊಂಡಿರುತ್ತದೆ, ಒಳಗೇನಿದೆಯೆಂದು ಹೊರಗೆ ತೋರುವುದಿಲ್ಲ. ಅವಳು ಮಡಿಲಲ್ಲಿದ್ದ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿ ಹಿಡಿದುಕೊಂಡಳು. ಮಂಚದ ಕೆಳಗಿರುವ ಡಬ್ಬಿ ತೆಗೆ ಎಂದಳು. ಅವನು ಬಗ್ಗಿ ಎಳೆದ. ಒಳಗೆ ಒಂದು ಜೊತೆ ಓಟದ ಶೂ, ಬಿಳಿಯವು, ಲೇಸು ಕೂಡ ಪೋಣಿಸಿರಲಿಲ್ಲ.

"ಗೆದ್ವಿ ಅಂತ ಬಂದೆಯಲ್ಲ, ಅದರ ಮಾರನೇ ದಿನ ನಿನ್ನ ಹೆಂಡ್ತಿ ಕೈಲಿ ತರಿಸಿದ್ದೆ" ಎಂದಳು. "ನಂಗೂ ತುಂಬಾ ಆಸೆ ಇತ್ತು ಕಣೋ."

ಹಾಗಾದರೆ ಆ ಸಾಸಿವೆಯ ದಿನ ಈ ಶೂಗಳು ಇದೇ ಮಂಚದ ಕೆಳಗಿದ್ದವು. ಇವನ್ನು ಇಟ್ಟುಕೊಂಡೇ ಅವಳು ಇನ್ನೊಮ್ಮೆ ತಟ್ಟು ಎಂದಿದ್ದಳು. ನೊಣಪ್ಪ ನೆಲದ ಮೇಲೆ ಕೂತು ಲೇಸು ಪೋಣಿಸಿದ. ಕಣ್ಣು ಮಂಜಾಗಿ ತೂತು ಕಾಣದೆ ಮತ್ತೆ ಮತ್ತೆ ತಪ್ಪಿತು. ಅಕ್ಕ ಬೈಯಲಿಲ್ಲ, ಕಾಲು ಮುಂದೆ ಚಾಚಿದಳು. ಶೂ ಹಾಕಿಕೊಂಡು, ಅವನ ಭುಜ ಹಿಡಿದುಕೊಂಡು ಎದ್ದಳು. ಇಬ್ಬರೂ ಗೇಟಿನ ತನಕ ನಡೆದು ಬಂದರು.